ಹಗ್ಗ ಇಟ್ಟುಕೊಳ್ಳಿ, ದಾಳ ಎತ್ತಿಡಿ

ಪೆಟ್ಟಿಗೆ ತೆರೆದಾಗ ಮೊದಲು ಕೈಗೆ ಸಿಕ್ಕಿದ್ದು 10 ಮೀಟರ್ ಹಗ್ಗ. ಇದೇನು, ಬಟ್ಟೆ ಒಣಹಾಕೋಕಾ ಅಂದುಕೊಂಡೆ. ಜೊತೆಗೆ ಒಂದಷ್ಟು ಕ್ಲಿಪ್ಪು, 60 ಕಾರ್ಡು, ಒಂದು ದಾಳ, ಶಿಕ್ಷಕರಿಗೊಂದು ತೆಳು ಕೈಪಿಡಿ. ಇತಿಹಾಸ, ಪೌರನೀತಿ ಎರಡನ್ನೂ ಒಟ್ಟಿಗೆ ಕಲಿಸೋಕೆ ಮಾಡಿದ ಸೆಟ್ಟಂತೆ. ಏಳನೇ ತರಗತಿಯಲ್ಲಿ ಒಂದು ಟರ್ಮ್ ಪೂರ್ತಿ ಬಳಸಿ ಆಯ್ತು.

ಹಗ್ಗದ ಮೇಲೆ 1000ನೇ ಇಸವಿಯಿಂದ 2000ದವರೆಗೆ ಗುರುತುಗಳಿವೆ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. ಕಾರ್ಡಿನ ಮುಂದೆ ಘಟನೆ, ಬೆನ್ನಿಗೆ ಇಸವಿ. ಮಕ್ಕಳು ಬೆನ್ನು ನೋಡದೆ, ತಮ್ಮತಮ್ಮಲ್ಲೇ ವಾದ ಮಾಡಿ, ಸರಿ ಅನ್ನಿಸಿದ ಕಡೆ ಸಿಕ್ಕಿಸಬೇಕು. ಆಮೇಲೆ ತಿರುಗಿಸಿ ನೋಡಬೇಕು. ಕ್ಲಾಸಿನ ಗೋಡೆ ಸಾಲದೆ ನಾವು ವರಾಂಡಕ್ಕೆ ಹೋದೆವು.

ಹೆಂಗಸರಿಗೆ ಮತದ ಹಕ್ಕು ಸಿಕ್ಕ ಕಾರ್ಡುಗಳನ್ನು ಕೊಟ್ಟ ದಿನ ಸ್ವಿಟ್ಜರ್ಲೆಂಡನ್ನು ಎಲ್ಲಕ್ಕಿಂತ ಮೊದಲು ಸಿಕ್ಕಿಸಿದರು. 'ಮುಂದುವರಿದ ದೇಶ ಅಲ್ವಾ ಮಿಸ್?' ತಿರುಗಿಸಿದರೆ 1971. ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ನ್ಯೂಜಿಲೆಂಡ್ 1893. ಫ್ರಾನ್ಸ್ 1944. ಆಗ ಒಬ್ಬಳು ಮೆಲ್ಲಗೆ 1789ರ ಹತ್ತಿರ ಹೋದಳು. ಅಲ್ಲಿ ಫ್ರಾನ್ಸಿನ ಹಕ್ಕುಗಳ ಘೋಷಣೆಯ ಕಾರ್ಡು ತೂಗಾಡುತ್ತಿತ್ತು. ಒಂದು ಕೈ ಅದರ ಮೇಲಿಟ್ಟು, ಇನ್ನೊಂದನ್ನು 1944ರ ಕಡೆ ಚಾಚಿದಳು. ನಾಲ್ಕು ಬೆರಳಿನಷ್ಟು ದೂರದಲ್ಲಿ ನಿಂತುಹೋಯಿತು. 'ಅಲ್ಲೀವರೆಗೆ ಹಕ್ಕು ಬರೀ ಗಂಡಸರಿಗಾ?' ಅಂದಳು. 155 ವರ್ಷ ಅಂತ ನಾನು ಬೋರ್ಡ್ ಮೇಲೆ ಬರೆದಿದ್ದರೆ ಸುಮ್ನೆ ಕಾಪಿ ಮಾಡಿಕೊಳ್ಳುತ್ತಿದ್ದರು.

ತಪ್ಪುಗಳೂ ಇವೆ. ಮ್ಯಾಗ್ನಾ ಕಾರ್ಟಾ ಅಂದರೆ ಇಂಗ್ಲೆಂಡಿನ ದೊರೆಯ ಅಧಿಕಾರಕ್ಕೆ ಕಡಿವಾಣ ಹಾಕಿದ ಸನ್ನದು. ಅದರ ಕಾರ್ಡಿನಲ್ಲಿ ಜಾನ್ ದೊರೆ ಗರಿಯ ಲೇಖನಿ ಹಿಡಿದು ಸಹಿ ಹಾಕುತ್ತಿದ್ದಾನೆ. 1215ರಲ್ಲಿ ಅದಕ್ಕೆ ಬಿದ್ದದ್ದು ಅವನ ಮುದ್ರೆ, ಸಹಿ ಅಲ್ಲ. ಕೆಲವೇ ವಾರಗಳಲ್ಲಿ ಪೋಪ್ ಕಡೆಯಿಂದ ಅದನ್ನು ರದ್ದು ಮಾಡಿಸಿದ ಅನ್ನುವುದು ಕಾರ್ಡಿನಲ್ಲಿ ಇಲ್ಲವೇ ಇಲ್ಲ. ಮಾತು ಕೊಟ್ಟು ತಪ್ಪಿಸಿಕೊಂಡ ದೊರೆ ಅಂದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ, ಅದನ್ನೇ ಬಿಟ್ಟಿದ್ದಾರೆ!

ನನಗೆ ಸಿಟ್ಟು ಬಂದಿದ್ದು ಪೌರನೀತಿಯ ಆಟಕ್ಕೆ. ಮಕ್ಕಳು ಶಾಸನಸಭೆ, ಸರ್ಕಾರ, ನ್ಯಾಯಾಲಯ ಅಂತ ಮೂರು ಗುಂಪಾಗಬೇಕು. ಅಲ್ಲಿಗೆ ಚೆನ್ನಾಗಿದೆ. ಆದರೆ ಮಸೂದೆ ಪಾಸಾಗುವುದು ದಾಳ ಹಾಕಿ! ಸಮ ಬಿದ್ದರೆ ಕಾನೂನು, ಬೆಸ ಬಿದ್ದರೆ ಕಸದಬುಟ್ಟಿ. ಚರ್ಚೆ, ಮತ, ತಿದ್ದುಪಡಿ ಎಲ್ಲ ಎಲ್ಲಿ ಹೋಯಿತು?

ದಾಳ ಎತ್ತಿಟ್ಟು ಕೈ ಎತ್ತಿಸಿದೆ. ಅವರು ತಂದ ಮೊದಲ ಕಾನೂನು ಕೇಳಿ: ಹೊಸದಾಗಿ ಸೇರಿದವರು ಆಟದ ಪಿರಿಯಡ್‌ನಲ್ಲಿ ಚೆಂಡು ಮುಟ್ಟಬಾರದು. ಸಭೆಯಲ್ಲಿ 21 ಜನ, ಅದರಲ್ಲಿ ಹೊಸಬರು ಇಬ್ಬರು. 19ಕ್ಕೆ 2ರಲ್ಲಿ ಪಾಸು. ನ್ಯಾಯಾಲಯದಲ್ಲಿ ಕೂತಿದ್ದ ಮೂವರ ಕೈಯಲ್ಲಿ ಸೆಟ್ಟಿನದೇ ಕಾರ್ಡಿತ್ತು. 'ಈ ಕಾನೂನು ಎಲ್ಲರನ್ನೂ ಒಂದೇ ರೀತಿ ನೋಡುತ್ತದೆಯೇ?' ಹತ್ತು ನಿಮಿಷ ಗುಸುಗುಸು. ಕೊನೆಗೆ ಕಾನೂನು ರದ್ದು. ಸಭೆಯಲ್ಲಿ ಗಲಾಟೆಯೋ ಗಲಾಟೆ. 'ನಾವೇ ಜಾಸ್ತಿ ಇದ್ದೀವಲ್ಲ ಮಿಸ್, ಇವರು ಮೂರೇ ಜನ!' ಆ ಪ್ರಶ್ನೆ ಹಿಡಿದುಕೊಂಡು ಮುಂದಿನ ಎರಡು ಪಿರಿಯಡ್ ಓಡಿದವು. ಆ ಕಾರ್ಡು ಬರೆದವರಿಗೆ ಕೈ ಮುಗಿಯಬೇಕು. ದಾಳ ಹಾಕಿದವರೂ ಅವರೇನಾ ಅಂತ ಅನುಮಾನ.

ಕ್ಲಿಪ್ಪುಗಳು ಬೇಗ ಮುರಿಯುತ್ತವೆ, ಬೇರೆ ಇಟ್ಟುಕೊಂಡಿರಿ. ಒಂದು ಆಟಕ್ಕೆ 40 ನಿಮಿಷ ಸಾಕು ಅಂತ ಕೈಪಿಡಿ ಹೇಳುತ್ತದೆ, ನಂಬಬೇಡಿ. ದಾಳ ಈಗ ಗಣಿತದ ಮೇಷ್ಟ್ರ ಹತ್ತಿರ ಇದೆ. ಸಂಭವನೀಯತೆ ಪಾಠಕ್ಕೆ ಬೇಕಿತ್ತಂತೆ.