ಡಬಲ್ ಲಾಕ್ ಇಲ್ಲದ ಕೈಕೋಳ ಗಸ್ತಿಗೆ ಬೇಡ

ಗಸ್ತು ವಾಹನಕ್ಕೆ ಹೊಸ ಕೈಕೋಳ ತರಿಸುತ್ತಿರುವ ಠಾಣೆಯವರೂ, ಸ್ವಂತ ದುಡ್ಡಿನಲ್ಲಿ ಒಂದು ಜೊತೆ ಕೊಳ್ಳಲು ಹೊರಟಿರುವ ಹೊಸ ಕಾನ್‌ಸ್ಟೆಬಲ್‌ಗಳೂ ದಯವಿಟ್ಟು ಇದನ್ನು ಓದಿ.

ನಮ್ಮ ಠಾಣೆಯ ಹಳೆಯ ಕೋಳಗಳು ತುಕ್ಕು ಹಿಡಿದಿದ್ದವು. ಸಮವಸ್ತ್ರದ ಸಾಮಾನು ಮಾರುವ ಅಂಗಡಿಯೊಂದರಿಂದ ಹೊಸದು ಬಂತು. ಒಳ್ಳೆಯ ಹೊಳಪು, ಕೈತುಂಬ ತೂಕ, ಬೆಲೆಯೂ ಕಡಿಮೆ. ಡಬಲ್ ಲಾಕ್, ಅಂದರೆ ಹಾಕಿದ ಮೇಲೆ ಕೋಳ ಇನ್ನಷ್ಟು ಬಿಗಿಯಾಗದಂತೆ ತಡೆಯುವ ಎರಡನೇ ಬೀಗ, ಇದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯವನು "ಎಲ್ಲಾ ಇದೆ ಸಾರ್" ಎಂದಿದ್ದ. ಕೀಲಿಯ ತುದಿಯ ಮೊಳೆ ಒತ್ತಲು ಪಕ್ಕದಲ್ಲಿ ತೂತೇನೋ ಇತ್ತು. ಒಳಗೆ ಅದಕ್ಕೆ ಸಿಗುವಂಥದ್ದು ಏನೂ ಇರಲಿಲ್ಲ.

ರಾತ್ರಿ ಗಸ್ತಿನಲ್ಲಿ ಹಳೆಯ ಮನೆಗಳ್ಳನೊಬ್ಬ ಸಿಕ್ಕಿಬಿದ್ದ. ಹಿಂದೆಯೂ ಶಿಕ್ಷೆಯಾದವನು, ಕೋಳ ಹಾಕಲು ಕಾರಣವಿತ್ತು. ಜೀಪು ಹಳ್ಳಕ್ಕೆ ಇಳಿದಾಗಲೆಲ್ಲ ಕೋಳ ಸೀಟಿಗೆ ಒತ್ತಿ ಒಂದೊಂದೇ ಹಲ್ಲು ಬಿಗಿಯಾಯಿತು. ಅವನು ಕೂಗಿಕೊಂಡಾಗ ನಿಲ್ಲಿಸಿ ಸಡಿಲಿಸಲು ಹೋದೆವು. ಕೀಲಿ ತಿರುಚಿಕೊಂಡು ಬೀಗದೊಳಗೇ ಮುರಿಯಿತು. ಕೊನೆಗೆ ಗ್ಯಾರೇಜಿನವನನ್ನು ಎಬ್ಬಿಸಿ, ಕೈಗೆ ಒದ್ದೆ ಬಟ್ಟೆ ಸುತ್ತಿ, ರಿವೆಟ್ಟನ್ನು ಗ್ರೈಂಡರ್‌ನಿಂದ ಸವೆಸಿ ತೆಗೆಸಬೇಕಾಯಿತು. ಹೆಬ್ಬೆರಳಿನ ಹಿಂಬದಿ ಜೋಮು ಹಿಡಿದಿದೆ ಎಂದು ವೈದ್ಯರು ಬರೆದರು. ಬಿಗಿಯಾದ ಕೋಳ ಮೊದಲು ಒತ್ತುವುದು ಮಣಿಕಟ್ಟಿನ ಚರ್ಮದಡಿಯಲ್ಲೇ ಹಾದು ಅಲ್ಲಿಗೆ ಹೋಗುವ ನರವನ್ನೇ.

ಮ್ಯಾಜಿಸ್ಟ್ರೇಟರು ಕಳ್ಳತನದ ಮಾತಿಗಿಂತ ಮುಂಚೆ ಕೈಯ ವಿಚಾರ ಕೇಳಿದರು. ಕೇಳಲೇಬೇಕು. ಕೋಳ ಎಂಬುದು ಅಪವಾದ, ಹಾಕಿದರೆ ಕಾರಣ ಬರೆದಿಡಿ ಎಂದು ಸುಪ್ರೀಂ ಕೋರ್ಟ್ 1980ರ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲೇ ಹೇಳಿದೆ. ಚೆಕ್ ಬೌನ್ಸ್ ಪ್ರಕರಣದಲ್ಲಿ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕೋಳ ತೊಡಿಸಿದ್ದಕ್ಕೆ ನಮ್ಮ ಹೈಕೋರ್ಟ್ 2022ರಲ್ಲಿ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 43(3)ನೇ ಕಲಂ ರೂಢಿಗತ ಅಪರಾಧಿಗಳು, ಕಸ್ಟಡಿಯಿಂದ ತಪ್ಪಿಸಿಕೊಂಡವರು, ಕೊಲೆಯಂಥ ಕೆಲವು ಘೋರ ಕೃತ್ಯಗಳ ಆರೋಪಿಗಳಿಗೆ ಕೋಳ ಹಾಕಲು ಅವಕಾಶ ಕೊಡುತ್ತದೆ, ನಿಜ. ಕೈ ಊದಿಸಲು ಕೊಡುವುದಿಲ್ಲ.

ಆದ್ದರಿಂದ ಅಂಗಡಿಯಲ್ಲೇ ಪರೀಕ್ಷಿಸಿ. ಕೋಳವನ್ನು ಅರ್ಧ ಮುಚ್ಚಿ, ಕೀಲಿಯ ಮೊಳೆಯಿಂದ ಡಬಲ್ ಲಾಕ್ ಒತ್ತಿ, ಕೋಳದ ಹಲ್ಲಿರುವ ತೋಳನ್ನು ಬಲವಾಗಿ ಅದುಮಿ. ಅದು ಹಿಂದಕ್ಕೂ ಹೋಗಬಾರದು, ಮುಂದಕ್ಕೂ ಹೋಗಬಾರದು. ತೆರೆಯುವಾಗ ಹೆಚ್ಚಿನ ಕೋಳಗಳಲ್ಲಿ ಕೀಲಿಯನ್ನು ಒಂದು ಕಡೆಗೆ ತಿರುಗಿಸಿದರೆ ಡಬಲ್ ಲಾಕ್ ಬಿಡುತ್ತದೆ, ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಹಲ್ಲು ಬಿಡುತ್ತದೆ. ಡಬಲ್ ಲಾಕ್ ಒತ್ತಿದ ಮೇಲೂ ತೋಳು ಸರಿಯುವ ಕೋಳವನ್ನು ಅಲ್ಲೇ ಬಿಟ್ಟು ಬನ್ನಿ. ಡಬಲ್ ಲಾಕ್ ಇಲ್ಲದ ಕೋಳವನ್ನು ತೆಳುವಾದ ತಗಡಿನ ಚೂರು ತೂರಿಸಿಯೂ ಬಿಚ್ಚಬಹುದು. ಪಳಗಿದ ಕಳ್ಳನಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ. ಕೀಲಿಯಿಲ್ಲದೆ ಬಿಚ್ಚಲು ಪುಟ್ಟ ಲಿವರ್ ಇರುವ ಕೋಳಗಳು ಆನ್‌ಲೈನ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಅವು ನಾಟಕದವರ ಸಾಮಾನು. ಒಳ ಅಂಚಿನ ಮೇಲೆ ಬೆರಳಾಡಿಸಿ ನೋಡಿ, ತರಚುವಂತಿದ್ದರೆ ಬೇಡ. ಎರಡು ಬಳೆಗಳನ್ನು ಜೋಡಿಸುವುದು ಸರಪಳಿಯೋ ಬಾಗಿಲಿನಂಥ ಹಿಂಜೋ ಎಂಬ ಚರ್ಚೆ ಆಮೇಲಿನದು. ಇಕ್ಕಟ್ಟಾದ ಜೀಪಿನಲ್ಲಿ ಕೊಸರಾಡುವವನಿಗೆ ಹಾಕಲು ನನಗೆ ಸರಪಳಿಯದೇ ಸಲೀಸು.

ಹಣ ಕೇಳಲು ಹೋದರೆ, ಕತ್ತರಿಸಿದ ಮಾಲು ವಾಪಸ್ ಪಡೆಯುವುದಿಲ್ಲ ಎಂದು ಅಂಗಡಿಯವನು ಕೈ ಆಡಿಸಿದ. ಈಗ ನಾವು ಇನ್ನೊಂದು ಕೀಲಿಯನ್ನು ಠಾಣೆಯ ಡ್ರಾಯರ್‌ನಲ್ಲಿಡದೆ ಜೀಪಿನಲ್ಲೇ ಇಡುತ್ತೇವೆ, ಹೊರಡುವ ಮುನ್ನ ಎರಡೂ ಕೀಲಿಗಳಿಂದ ಕೋಳ ತೆರೆದು ನೋಡುತ್ತೇವೆ.