ನೀರು ಕೊಟ್ಟ ಕೈ: ಪರದೆಯ ಮೇಲೆ ‘ಬೆನ್ ಹರ್’

ಲ್ಯೂ ವಾಲೆಸ್ 1880ರಲ್ಲಿ ಪ್ರಕಟಿಸಿದ ಈ ಕಾದಂಬರಿಯ ಮೂರು ಚಲನಚಿತ್ರಗಳನ್ನು ಒಂದೇ ವಾರದಲ್ಲಿ ನೋಡಿದೆ. ಎಲ್ಲರೂ ರಥದ ಓಟವನ್ನು ಹೊಗಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಗುಟುಕು ನೀರು.

ವಿಲಿಯಂ ವೈಲರ್ ಅವರ 1959ರ ಚಿತ್ರದಲ್ಲಿ, ಸಂಕೋಲೆ ತೊಟ್ಟ ಕಥಾನಾಯಕ ಜೂಡಾ ಯೇಸುವಿನ ಊರಾದ ನಜರೇತಿನ ಧೂಳಿನಲ್ಲಿ ಕುಸಿಯುತ್ತಾನೆ. ಒಬ್ಬ ನೀರು ಕುಡಿಸುತ್ತಾನೆ. ಅವನ ಮುಖ ನಮಗೆ ಕಾಣುವುದಿಲ್ಲ. ತಡೆಯಲು ಬಂದ ರೋಮನ್ ಅಧಿಕಾರಿ ಆ ಮುಖವನ್ನು ನೋಡಿ ಮಾತು ಕಳೆದುಕೊಂಡು ಹಿಂದೆ ಸರಿಯುತ್ತಾನೆ. ಕ್ರಿಸ್ತನ ಸಾನ್ನಿಧ್ಯವನ್ನು ಆ ಅಧಿಕಾರಿಯ ಕಣ್ಣುಗಳಲ್ಲೇ ಓದಬೇಕು. ನಾಲ್ಕು ಸಲ ಹಿಂದಕ್ಕೆ ಹೋಗಿ ನೋಡಿದೆ, ನಾಲ್ಕು ಸಲವೂ ಗಂಟಲು ಕಟ್ಟಿತು.

ಈ ಸಂಯಮ ರಂಗಭೂಮಿಯಿಂದಲೇ ಬಂದದ್ದು. ಇದೇ ಕಾದಂಬರಿಯನ್ನು ಆಧರಿಸಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆಡಿದ 1899ರ ನಾಟಕದಲ್ಲಿ ಕ್ರಿಸ್ತನನ್ನು ನಟನೊಬ್ಬ ಅಭಿನಯಿಸಲಿಲ್ಲ, ಬೆಳಕಿನ ಕಿರಣವೊಂದು ಸೂಚಿಸಿತು. ಅದೇ ವೇದಿಕೆಯಲ್ಲಿ ಜೀವಂತ ಕುದುರೆಗಳು ಚಲಿಸುವ ಪಟ್ಟಿಗಳ ಮೇಲೆ ಓಡಿದವು, ಹಿಂದಿನ ಚಿತ್ರಪಟ ಸರಿಯುತ್ತಿತ್ತು. ಅದನ್ನು ನೋಡುವ ಭಾಗ್ಯ ನನಗಿರಲಿಲ್ಲವಲ್ಲ ಎಂದು ನಿಜಕ್ಕೂ ಹೊಟ್ಟೆ ಉರಿಯುತ್ತದೆ.

1925ರ ಮೂಕಿ ಚಿತ್ರದ ನೌಕಾಯುದ್ಧ ಇಂದಿಗೂ ಮೈ ನಡುಗಿಸುತ್ತದೆ. 2016ರ ಚಿತ್ರದಲ್ಲಿ ಕ್ರಿಸ್ತನ ಮುಖವೂ ಇದೆ, ಮಾತೂ ಇದೆ. ನಿಗೂಢತೆ ಮಾತ್ರ ಕರಗಿಹೋಗಿದೆ.

ಒಂದನ್ನೇ ನೋಡುವುದಾದರೆ 1959ರದ್ದನ್ನು ನೋಡಿ. ಮೂರೂವರೆ ಗಂಟೆಯ ಚಿತ್ರ. ಮಧ್ಯಂತರದಲ್ಲಿ ಎದ್ದು ಹೋಗದೆ ಮಿಕ್ಲೋಸ್ ರೋಜಾ ಅವರ ಸಂಗೀತವನ್ನೂ ಪೂರ್ತಿ ಕೇಳಿ.