ಲಡಾಖ್‌ಗೆ ಹೊರಟಿದ್ದೀರಾ? ಮೊದಲು ಸಿಮ್ ನೋಡಿಕೊಳ್ಳಿ

ಕಳೆದ ಜೂನ್‌ನಲ್ಲಿ ಅಮ್ಮ, ತಮ್ಮ, ನಾನು ಬೆಂಗಳೂರಿನಿಂದ ಲೇಹ್‌ಗೆ ಹೋಗಿದ್ದೆವು. ಒಂದು ವಾರ ಕೂತು ಪ್ಯಾಕ್ ಮಾಡಿದ್ದೆವು. ಟ್ಯಾಬ್, ಕ್ಯಾಮೆರಾ, ಸ್ಪೀಕರ್, ಎರಡು ಪವರ್ ಬ್ಯಾಂಕ್, ಮೂರು ಫೋನ್. ಜಾಗ ಸಾಲದೆ, ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್ ಫ್ರಿಜ್ ಮೇಲೇ ಬಿಟ್ಟೆ. ಕೋವಿಡ್ ಕಾಲದಲ್ಲಿ ತಂದದ್ದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು ಅಷ್ಟೇ.

ಲೇಹ್‌ನಲ್ಲಿ ಇಳಿದರೆ ಮೂರೂ ಫೋನಿನಲ್ಲಿ ನೆಟ್‌ವರ್ಕ್ ಇಲ್ಲ. ಹೊರಗಿನ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲೂ ಜಮ್ಮು-ಕಾಶ್ಮೀರದಲ್ಲೂ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ನಮಗೆ ಗೊತ್ತೇ ಇರಲಿಲ್ಲ. ಹೋಟೆಲ್‌ನಲ್ಲಿ ವೈಫೈ ಇದೆಯಲ್ಲ, ಸಾಕು ಅಂದುಕೊಂಡೆವು.

ಲೇಹ್ ಇರುವುದು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಉಸಿರಿಗೆ ಸಿಗುವ ಆಕ್ಸಿಜನ್ ಕಡಿಮೆ, ವಿಮಾನದಲ್ಲಿ ನೇರ ಹೋಗಿ ಇಳಿದರೆ ಮೈ ಒಗ್ಗಿಕೊಳ್ಳಲು ಸಮಯ ಬೇಕು. ಮೊದಲ ದಿನ ಸಂಜೆ ತಮ್ಮ ಮಾರ್ಕೆಟ್‌ಗೆ ಹೋದ. ಅಮ್ಮನಿಗೆ ತಲೆನೋವು ಶುರುವಾಯಿತು. ಪ್ರಯಾಣದ ಸುಸ್ತು ಎಂದು ಮಲಗಿಸಿದೆ. ಅರ್ಧ ಗಂಟೆಯಲ್ಲಿ ವಾಂತಿ. ಎದ್ದು ಬಾತ್‌ರೂಮಿಗೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಏದುಸಿರು. ಬೆರಳ ತುದಿ ನೋಡಿದೆ, ಉಗುರು ನೀಲಿಗಟ್ಟಿತ್ತು. ಅಷ್ಟರಲ್ಲಿ ಕರೆಂಟ್ ಹೋಗಿ ವೈಫೈಯೂ ಹೋಯಿತು.

ಕೆಳಗೆ ಓಡಿ ಹೋಟೆಲಿನವರ ಫೋನಿನಿಂದ ತಮ್ಮನಿಗೆ ಮಾಡಿದೆ. ಅವನದೂ ಪ್ರೀಪೇಯ್ಡ್ ಅಲ್ವಾ, ಹೋಗುವುದಾದರೂ ಹೇಗೆ? ಕೈಯಲ್ಲಿ ಫೋನ್ ಹಿಡಿದು ನಿಂತಿದ್ದೆ, ಏನೂ ಮಾಡಲು ಆಗುತ್ತಿರಲಿಲ್ಲ. ಆ ಹೋಟೆಲಿನವರೇ ಅವರ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ನೋಡಿದಾಗ ಅಮ್ಮನ ಆಕ್ಸಿಜನ್ ಬರೀ ಶೇ. 68. ಮಾಸ್ಕ್ ಹಾಕಿದ ಮೇಲೆ ಒಂದೊಂದೇ ಅಂಕಿ ಮೇಲೇರುವುದನ್ನು ನೋಡುತ್ತಾ ಕೂತೆ. ಔಷಧಿ ದುಡ್ಡು ಕೊಡಲು ನನ್ನ ಹತ್ತಿರ ಕ್ಯಾಶ್ ಇರಲಿಲ್ಲ. ನೆಟ್‌ವರ್ಕ್ ಇಲ್ಲದೆ ಯುಪಿಐ ಇಲ್ಲ, ಕಾರ್ಡ್‌ನ ಓಟಿಪಿಯೂ ಬರುವುದಿಲ್ಲ. ಅದನ್ನೂ ಆ ಪುಣ್ಯಾತ್ಮರೇ ಕೊಟ್ಟರು. ಇತ್ತ ಬೀಗ ಹಾಕಿದ ರೂಮಿನ ಮುಂದೆ ತಮ್ಮ ಎರಡು ಗಂಟೆ ಗಾಬರಿಯಲ್ಲಿ ಕಾದಿದ್ದ.

ಅಮ್ಮ ಈಗ ಚೆನ್ನಾಗಿದ್ದಾರೆ. ಆದರೆ ದಯವಿಟ್ಟು ಕೇಳಿ. ಗುಂಪಿನಲ್ಲಿ ಕಡಿಮೆಯೆಂದರೆ ಇಬ್ಬರ ಹತ್ತಿರ ಪೋಸ್ಟ್‌ಪೇಯ್ಡ್ ಇರಲಿ. ಒಬ್ಬರದೇ ಇದ್ದರೆ ಅವರು ಯಾರಿಗೆ ಕಾಲ್ ಮಾಡಬೇಕು? ಸಿಮ್ ಬದಲಾಯಿಸುವ ಕೆಲಸವನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಲೇಹ್ ದಾಟಿದರೆ ಪೋಸ್ಟ್‌ಪೇಯ್ಡ್‌ಗೂ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಆಕ್ಸಿಮೀಟರ್ ಇಟ್ಟುಕೊಳ್ಳಿ, ಸೆಲ್ ಹೊಸದು ಹಾಕಿ. ಬೇಕಾದರೆ ಸ್ಪೀಕರ್ ಬಿಡಿ.

ಪವರ್ ಬ್ಯಾಂಕ್ ಅಂತೂ ಬೇಕೇ ಬೇಕು, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಆದರೆ ಚೆಕ್-ಇನ್ ಬ್ಯಾಗಿನಲ್ಲಿ ಹಾಕಬೇಡಿ, ಕೈಯಲ್ಲಿ ಒಯ್ಯುವ ಬ್ಯಾಗಿನಲ್ಲೇ ಇರಬೇಕು. ಅದರ ಸಾಮರ್ಥ್ಯ 100 ವ್ಯಾಟ್-ಅವರ್ ಒಳಗಿದ್ದರೆ ತೊಂದರೆ ಇಲ್ಲ. 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ. ಪವರ್ ಬ್ಯಾಂಕ್ ಮೇಲೆ ಬರೆದ ಈ ಅಂಕಿ ಅಳಿಸಿಹೋಗಿದ್ದರೆ ಸೆಕ್ಯೂರಿಟಿಯವರು ಬಿಡದೆ ಇರಬಹುದು. ನಮ್ಮದೊಂದು ಹಾಗೇ ಬೆಂಗಳೂರಿನಲ್ಲೇ ಉಳಿಯಿತು.